ನಿಂತ ಕಾರನ್ನು ಎಬ್ಬಿಸುವ ಮುನ್ನ



ಇಂಗ್ಲೆಂಡಿನಲ್ಲಿ ಹಳೆಯ ಸ್ಪೋರ್ಟ್ಸ್ ಕಾರುಗಳನ್ನು ಜೋಪಾನ ಮಾಡುವವರಲ್ಲಿ ಅನೇಕರು ಚಳಿಗಾಲದಲ್ಲಿ ಅವುಗಳನ್ನು ಹೊರಗೆ ತೆಗೆಯುವುದಿಲ್ಲ. ಹಿಮ ಕರಗಲೆಂದು ರಸ್ತೆಗೆ ಚೆಲ್ಲುವ ಉಪ್ಪು ತಗಡನ್ನು ತಿನ್ನುತ್ತದೆ. ಕರೂರಿನಲ್ಲಿ ಹಿಮವಿಲ್ಲ, ಮಳೆಗಾಲದ ಎರೆಮಣ್ಣಿನ ಕೆಸರು ಉಂಟು. ಆದುದರಿಂದ ಹಿರಿಯ ಗುರುಗಳು ಬಿನ್ನಹಗಳಿಗೆ ದಯಮಾಡಿಸುತ್ತಿದ್ದ ಹಳೆಯ ಅಂಬಾಸಿಡರ್ ಕಾರು ನಮ್ಮಲ್ಲಿ ಮಳೆಗಾಲವೆಲ್ಲ ಶೆಡ್ಡಿನಲ್ಲಿಯೇ ಇರುತ್ತದೆ.

ಈ ಹೋಲಿಕೆ ಕೇವಲ ಮಾತಿನದಲ್ಲ. ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಕಾರೇ ನಮ್ಮ ದೇಶದಲ್ಲಿ ಅಂಬಾಸಿಡರ್ ಎಂಬ ಹೆಸರು ಪಡೆದು, 1950ರ ದಶಕದ ಕೊನೆಯಿಂದ 2014ರವರೆಗೆ ಬಂಗಾಳದ ಉತ್ತರಪಾಡಾದಲ್ಲಿ ತಯಾರಾಯಿತು. ಅದರಲ್ಲಿ ಬಹುಕಾಲ ಕೂಡಿಸುತ್ತಿದ್ದ 1489 ಸಿ.ಸಿ. ಎಂಜಿನ್ನು, 1955ರಲ್ಲಿ ಬಂದ ಎಂ.ಜಿ.ಎ. ಎಂಬ ಸ್ಪೋರ್ಟ್ಸ್ ಕಾರಿನ ಎಂಜಿನ್ನು ಒಂದೇ ಮನೆತನದವು. ಆದುದರಿಂದ ಅವರ ಕ್ರಮ ನಮಗೂ ಸಲ್ಲುತ್ತದೆ.

ದೀಪಾವಳಿ ಕಳೆದೊಡನೆ ಉತ್ಸಾಹಿ ತರುಣರು, "ಬುದ್ಧಿ, ನಾಲ್ಕು ಮಂದಿ ದಬ್ಬಿದರೆ ಚಾಲೂ ಆಗ್ತದ್ರಿ" ಎನ್ನುವುದುಂಟು. ನಾವು ಒಪ್ಪುವುದಿಲ್ಲ. ತಿಂಗಳುಗಟ್ಟಲೆ ನಿಂತ ಎಂಜಿನ್ನಿನಲ್ಲಿ ಎಣ್ಣೆಯೆಲ್ಲ ಕೆಳಗಿಳಿದು ಸಿಲಿಂಡರಿನ ಗೋಡೆ ಒಣಗಿರುತ್ತದೆ. ಒಣಗಿದ ಲೋಹವನ್ನು ರಭಸದಿಂದ ತಿರುಗಿಸಿದರೆ ವರ್ಷದ ಸವೆತ ಕ್ಷಣದಲ್ಲಿ ಆದೀತು.

ಮೊದಲು ಬಾನೆಟ್ಟು ತೆರೆದು ನೋಡತಕ್ಕದ್ದು. ಭತ್ತದ ಸೀಮೆಯಲ್ಲಿ ಇಲಿಗಳಿಗೆ ಬರವಿಲ್ಲ. ಅವು ವೈರು ಕಡಿದಿದ್ದರೆ ಬೆಂಕಿಯ ಭಯ. ಬ್ಯಾಟರಿಗೆ ಬಟ್ಟಿ ಇಳಿಸಿದ ನೀರೆರೆದು ಚಾರ್ಜು ಮಾಡಿಸಬೇಕು. ಹಳೆಯ ಪೆಟ್ರೋಲನ್ನು ಬಸಿದು ತೆಗೆಯಬೇಕು. ಈಗಿನ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೂ ಇರುವ ಎಥನಾಲ್ ಗಾಳಿಯ ತೇವವನ್ನು ಹೀರುತ್ತದೆ, ಹಳೆಯ ಕಾಲದ ರಬ್ಬರ್ ಕೊಳವೆಗಳನ್ನು ಕೆಡಿಸುತ್ತದೆ. ಅನಂತರ ಪ್ಲಗ್ಗುಗಳನ್ನು ಬಿಚ್ಚಿ, ಪ್ರತಿ ಸಿಲಿಂಡರಿಗೆ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು, ಗೇರು ತಪ್ಪಿಸಿ, ಮುಂದಿನ ಹ್ಯಾಂಡಲ್ಲಿನಿಂದ ಮೆಲ್ಲನೆ ತಿರುಗಿಸಬೇಕು. ಸರಾಗವಾಗಿ ತಿರುಗಿದ ಮೇಲೆ ಪ್ಲಗ್ಗು ಕೂಡಿಸಿ, ಚೋಕ್ ಎಳೆದು, ಬಾಗಿಲುಗಳನ್ನೆಲ್ಲ ತೆರೆದಿಟ್ಟು ಚಾಲೂ ಮಾಡಬೇಕು. ಮುಚ್ಚಿದ ಶೆಡ್ಡಿನಲ್ಲಿ ಅದರ ಹೊಗೆ ಪ್ರಾಣಾಪಾಯಕರ. ಎಣ್ಣೆಯ ಒತ್ತಡ ಬರುವವರೆಗೆ ಆಕ್ಸಲರೇಟರ್ ತುಳಿಯಕೂಡದು.

ಎಂಜಿನ್ನು ದನಿಗೊಟ್ಟಾಗ ನೆರೆದವರೆಲ್ಲ ಕೆಲಸ ಮುಗಿಯಿತೆಂದು ಕಾರು ಹತ್ತಲು ಮುಂದಾಗುತ್ತಾರೆ. ಆದರೆ ಮುಖ್ಯ ಪರೀಕ್ಷೆ ಉಳಿದಿರುವುದು ಆಗಲೇ. ಬ್ರೇಕಿನ ಎಣ್ಣೆಯೂ ತೇವ ಹೀರುವಂಥದು. ಚಕ್ರದೊಳಗಿನ ಸಣ್ಣ ಸಿಲಿಂಡರಿಗೆ ತುಕ್ಕು ಹಿಡಿದು ಸೋರತೊಡಗುತ್ತದೆ. ಹಳೆಯ ಅಂಬಾಸಿಡರಿನಲ್ಲಿ ನಾಲ್ಕು ಚಕ್ರಗಳಿಗೂ ಎಣ್ಣೆಯ ಮಾರ್ಗ ಒಂದೇ. ಒಂದು ಕಡೆ ಸೋರಿದರೆ ನಾಲ್ಕೂ ಕೈಕೊಡುತ್ತವೆ. ಒಂದು ವರ್ಷ ನಮ್ಮ ಕಾರಿನ ಪೆಡಲು ಶೆಡ್ಡಿನಲ್ಲಿಯೇ ನೆಲ ಮುಟ್ಟಿತು. ಹಿಂದಿನ ಚಕ್ರದ ಒಳಮೈಯಲ್ಲಿ ಎಣ್ಣೆ ಜಿನುಗಿತ್ತು. ಹತ್ತಲು ಕಾದು ನಿಂತಿದ್ದವರಲ್ಲಿ ಚಿಕ್ಕ ಮಕ್ಕಳೂ ಇದ್ದರು. ಆ ದಿನ ಕಾರು ಕದಲಲಿಲ್ಲ. ಮೇಸ್ತ್ರಿ ಬಂದು ಸಿಲಿಂಡರು ಬದಲಿಸಿದ ಮೇಲೆಯೇ ಮಕ್ಕಳಿಗೆ ಸವಾರಿ.

ನಿಮ್ಮ ಮನೆಗಳಲ್ಲಿಯೂ ತಂದೆಯದೋ ಅಜ್ಜನದೋ ಕಾರು ನಿಂತಿರಬಹುದು. ಅದನ್ನು ಅಭಿಮಾನದಿಂದ ಎಬ್ಬಿಸಿರಿ. ಓಡುವುದೋ ಇಲ್ಲವೋ ಎಂದು ನೋಡುವುದಕ್ಕೆ ಮುಂಚೆ, ನಿಲ್ಲುವುದೋ ಇಲ್ಲವೋ ಎಂಬುದನ್ನು ನೋಡಿರಿ.