ಬಿಸಿಲೇ ಬೀಸುವ ಗಾಳಿ

ಹುನಗುಂದ ದಾಟಿ ಇಳಕಲ್ಲಿನತ್ತ ಹೊರಟಿದ್ದೀರಿ. ಏಪ್ರಿಲ್ ಕೊನೆ, ಮಧ್ಯಾಹ್ನ ಒಂದೂವರೆ. ಹೆದ್ದಾರಿ ಬಿಟ್ಟು ಹೊಲದ ದಾರಿ ಹಿಡಿದರೆ ಎರಡೂ ಬದಿ ಬಿರುಕುಬಿಟ್ಟ ಎರೆಮಣ್ಣು, ನಡುನಡುವೆ ಇಳಕಲ್ಲಿನ ಕೆಂಪು ಗ್ರಾನೈಟಿನ ಚೂರು. ದಾರಿಯ ಕೊನೆಗೆ ತಾಯಿ-ಮಗ ನಡೆಸುವ ಕೋಳಿ ಶೆಡ್ಡು. ಅದರ ಪತ್ರಾಸಿಗೆ, ಅಂದರೆ ತಗಡಿನ ಮಾಡಿಗೆ, ಬೆರಳು ತಾಗಿಸಿ ನೋಡಿ, ಚುರ್ ಎನ್ನುತ್ತದೆ.

ಬಗ್ಗಿ ಒಳಗೆ ಬನ್ನಿ. ಗಿರಿರಾಜ ತಳಿಯ ಕೋಳಿಗಳು ರೆಕ್ಕೆ ಅಗಲಿಸಿ, ಕೊಕ್ಕು ತೆರೆದು ನಿಂತಿವೆ. ಹತ್ತಿರದ ಹೇಂಟೆಯನ್ನೇ ನೋಡಿ: ಗಂಟಲ ಕೆಳಗಿನ ತೊಗಲು ಪಟಪಟ ಅದುರುತ್ತಿದೆ. ಕೋಳಿ ಬೆವರುವುದಿಲ್ಲ. ಅದರ ಮೈಕಾವೇ ಸುಮಾರು 41 ಡಿಗ್ರಿ; ಹೊರಗಿನ ಗಾಳಿಯೂ ಅಷ್ಟಕ್ಕೆ ಏರಿದರೆ ಒಳಗಿನ ಬಿಸಿ ಕಳೆಯಲು ಉಳಿದ ದಾರಿ ತೇಕುವುದೊಂದೇ. ತೇಕಿ ತೇಕಿ ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗುತ್ತದೆ, ಮೊಟ್ಟೆಯ ಸಿಪ್ಪೆ ತೆಳುವಾಗುತ್ತದೆ. ತಾಳಲಾರದವು ಸಂಜೆಯೊಳಗೆ ಸಾಯುತ್ತವೆ.

“ಯವ್ವಾ, ನೀರು ಬಿಡ್ಲೇನ?” ಹೊರಗಿನಿಂದ ಮಗನ ದನಿ.

“ಬಿಡಪಾ, ಚೀಲ ಒಣಗ್ಯಾವು,” ಒಳಗಿನಿಂದ ತಾಯಿ.

ಶೆಡ್ಡಿನ ಒಂದು ಬದಿಗೆ ಗೋಣಿಚೀಲ ಇಳಿಬಿಟ್ಟಿದ್ದಾರೆ. ತೂತು ಕೊರೆದ ಪೈಪಿನಿಂದ ಹನಿ ಇಳಿದು ಚೀಲ ತೋಯುತ್ತದೆ. ಕೆಳಗೆ ಬಿದ್ದ ನೀರನ್ನು ಸಣ್ಣ ಪಂಪು ಮತ್ತೆ ಮೇಲೇರಿಸುತ್ತದೆ. ಎದುರು ಬದಿಯ ಫ್ಯಾನು ಹೊರಗಿನ ಗಾಳಿಯನ್ನು ಆ ಚೀಲದ ಮೂಲಕ ಒಳಗೆಳೆಯುತ್ತದೆ. ಈ ಸೀಮೆಯ ಒಣ ಬೇಸಿಗೆಯಲ್ಲಿ ನೀರು ಬೇಗ ಆರುತ್ತದೆ, ಆರುವಾಗ ಗಾಳಿಯ ಬಿಸಿಯನ್ನು ಹೀರಿಕೊಳ್ಳುತ್ತದೆ. ನಿಮ್ಮ ಕೆನ್ನೆಗೇ ತಂಪು ತಾಗಿತಲ್ಲ! (ಮಳೆಗಾಲದ ಹಸಿ ಹವೆಯಲ್ಲಿ ಒದ್ದೆ ಚೀಲ ಉಪದ್ರವ, ಆಗ ಫ್ಯಾನಷ್ಟೇ ಸಾಕು.)

12 ವೋಲ್ಟಿನ ಫ್ಯಾನಿಗೂ ಪಂಪಿಗೂ ಕರೆಂಟು ಹೊರಗಿನ ಎರಡು ಸೋಲಾರ್ ಪ್ಲೇಟಿನಿಂದ ನೇರವಾಗಿ ಬರುತ್ತದೆ. ಮೋಡವೊಂದು ಅಡ್ಡ ಬಂತು ನೋಡಿ, ಫ್ಯಾನು ನಿಧಾನವಾಯಿತು. ಪತ್ರಾಸಿನ ಝಳವೂ ತುಸು ಇಳಿಯಿತು. ಮೋಡ ಸರಿದದ್ದೇ ಎರಡೂ ಮೊದಲಿನಂತೆ. ಬಿಸಿಲೂ ತಂಪಿನ ಅಗತ್ಯವೂ ಜೊತೆಜೊತೆಗೆ ಏರುವ ಕಡೆ ಬ್ಯಾಟರಿಯ ಹಂಗು ಬಹುಮಟ್ಟಿಗೆ ಇಲ್ಲ. ಲೆಕ್ಕ ತಪ್ಪುವುದು ಸಂಜೆ ನಾಲ್ಕರ ಮೇಲೆ. ಹೊತ್ತು ವಾಲಿದರೂ ಶೆಡ್ಡು ಕಾದೇ ಇರುತ್ತದೆ. ಅದಕ್ಕೇ ಮಗ ಒಂದು ಪ್ಲೇಟನ್ನು ಪಡುವಣಕ್ಕೆ ಮುಖ ಮಾಡಿಸಿದ್ದಾನೆ. ನನ್ನನ್ನು ಕೇಳಿದರೆ, ಇಡೀ ಶೆಡ್ಡಿನಲ್ಲಿ ಇದಕ್ಕಿಂತ ಜಾಣ ಕೆಲಸ ಇನ್ನೊಂದಿಲ್ಲ.

ಇದೇ ಶೆಡ್ಡಿಗೆ ಜನವರಿಯ ರಾತ್ರಿ ಬನ್ನಿ. ಹೊರಗೆ 15 ಡಿಗ್ರಿಯ ಆಸುಪಾಸು. ಮೂಲೆಯಲ್ಲಿ ತಗಡಿನ ಸುತ್ತುಗಟ್ಟು, ಅದರೊಳಗೆ ಶೇಂಗಾ ಹೊಟ್ಟಿನ ಮೇಲೆ 200 ಮರಿಗಳು. ಮೊದಲ ವಾರ ಅವಕ್ಕೆ 33ರಿಂದ 35 ಡಿಗ್ರಿ ಕಾವು ಬೇಕು. ಆಮೇಲೆ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸಬಹುದು. ಚಳಿಯಾದರೆ ಮರಿಗಳು ಒಂದರ ಮೇಲೊಂದು ಬಿದ್ದು, ಅಡಿಗಾದವು ಉಸಿರುಕಟ್ಟಿ ಸಾಯುತ್ತವೆ.

ಮರಿಗೆ 2 ವ್ಯಾಟ್ ಎಂಬ ರೂಢಿಯ ಲೆಕ್ಕ ಹಿಡಿದರೆ 400 ವ್ಯಾಟಿನ ಬಲ್ಬು ಉರಿಸಬೇಕು. ಹನ್ನೆರಡು ತಾಸಿಗೆ ಹತ್ತಿರ ಹತ್ತಿರ 5 ಯೂನಿಟ್. ರಾತ್ರಿ ಬಿಸಿಲಿಲ್ಲ, ಸೋಲಾರ್ ಆದರೆ ಅಷ್ಟನ್ನೂ ಬ್ಯಾಟರಿಯೇ ಕೊಡಬೇಕು. 12 ವೋಲ್ಟ್, 150 ಆಂಪಿಯರ್-ಅವರ್ ಲೆಡ್-ಆಸಿಡ್ ಬ್ಯಾಟರಿ ಹಿಡಿಯುವುದು 1.8 ಯೂನಿಟ್, ಬಾಳಿಕೆ ಬರಬೇಕಾದರೆ ಅದರಲ್ಲಿ ಅರ್ಧವನ್ನಷ್ಟೇ ಬಳಸಬೇಕು. ಅಂದರೆ ಐದಾರು ಬ್ಯಾಟರಿ! 1995ರಲ್ಲಿ ಶುರುವಾದ ಸೆಲ್ಕೋದಂಥ ಸಂಸ್ಥೆಗಳು ನಮ್ಮ ಹಳ್ಳಿಮನೆಗಳಿಗೆ ಸೋಲಾರ್ ದೀಪ ತಂದುಕೊಟ್ಟವು. ಆದರೆ ದೀಪಕ್ಕೆ ಸಾಲುವ ಕರೆಂಟು ಕಾವಿಗೆ ಸಾಲದು.

ಹಾಗಾಗಿ ಇಲ್ಲಿ ಹಿಡಿದಿಟ್ಟಿರುವುದು ಬಿಸಿಲಿನ ಬಿಸಿಯನ್ನೇ. ಮನೆಯ ಮೇಲಿನ ಸೋಲಾರ್ ಹೀಟರಿನ ನೀರನ್ನು ತಾಯಿ 20 ಲೀಟರಿನ ಕ್ಯಾನುಗಳಿಗೆ ತುಂಬುತ್ತಾಳೆ, ಮರಿಗಳ ಮೈ ಸುಡದಂತೆ ಗೋಣಿ ಸುತ್ತಿ ಸುತ್ತುಗಟ್ಟಿನ ನಡುವೆ ಇಡುತ್ತಾಳೆ. ಐದು ಕ್ಯಾನು, 100 ಲೀಟರ್. ಆ ನೀರು 60 ಡಿಗ್ರಿಯಿಂದ 35ಕ್ಕೆ ಇಳಿಯುವಷ್ಟರಲ್ಲಿ ಸುಮಾರು 3 ಯೂನಿಟ್ ಕಾವು ಬಿಟ್ಟುಕೊಟ್ಟಿರುತ್ತದೆ. ಮೇಲೆ ಕೌದಿ ಹೊದಿಸಿ, ಗಾಳಿಯಾಡಲು ಒಂದು ಅಂಚು ತೆರೆದಿಟ್ಟರೆ ಕಾವು ಹಾರಿಹೋಗುವುದೂ ಕಡಿಮೆ. ಕಮ್ಮಿ ಬಿದ್ದದ್ದಕ್ಕೆ ಒಂದೆರಡು ಬಲ್ಬು. ಕೌದಿಯಂಚಿನಿಂದ ಕೈ ತೂರಿಸಿ ನೋಡಿ: ಮರಿಗಳು ಗುಂಪುಗಟ್ಟಿಲ್ಲ, ಸಮನಾಗಿ ಹರಡಿ ಮಲಗಿವೆ. ಕಾವು ಸಾಕೆಂದು ಥರ್ಮಾಮೀಟರಿಗಿಂತ ಮೊದಲು ಅವೇ ಹೇಳುತ್ತವೆ.

ಬಾದಾಮಿ ಕಡೆಯ ಹಳೆಯ ಮಾಳಿಗೆ ಮನೆಗಳ ದಪ್ಪ ಗೋಡೆ, ಮಣ್ಣಿನ ಮಾಳಿಗೆ ಬಿಸಿಲನ್ನೂ ಚಳಿಯನ್ನೂ ತಡೆಯುವುದು ತಾಯಿಗೆ ಗೊತ್ತು. ಅದಕ್ಕೇ ಮಗ ಬೇಸಿಗೆಗೆ ಇನ್ನೂ ಎರಡು ಪ್ಲೇಟು ತರುವ ಮಾತೆತ್ತಿದಾಗ ಅವಳು ಅಂದಳು:

“ಪ್ಲೇಟು ಆಮ್ಯಾಲೆ ತರೂಣು ತಮ್ಮಾ. ಮೊದ್ಲ ಪತ್ರಾಸಿನ ಮ್ಯಾಲ ಕಬ್ಬಿನ ರವದಿ ಹಾಕು, ಪಡುವಣದ ಕಡೆ ನುಗ್ಗಿ ಹಚ್ಚು. ಆಗ ಎಷ್ಟು ಪ್ಲೇಟು ಬೇಕಂತ ಲೆಕ್ಕಾ ಹಾಕೂಣು.”