ಮಗಳಿಗೆ ಹಾಕಿದ ಟೋಪಿ

ಉಪ್ಪಿಟ್ಟಿಗೆ ನೀರೆಷ್ಟು, ಸಾರಿಗೆ ಉಪ್ಪೆಷ್ಟು ಎಂದು ಯಾರಾದರೂ ಕೇಳಿದರೆ ನನ್ನ ಬಾಯಿಂದ ಉತ್ತರ ಬರುವುದಿಲ್ಲ. ಅದು ಕೈಗೇ ಗೊತ್ತು. ನಿಮ್ಮಲ್ಲೂ ಬಹಳ ಮಂದಿ ಹೀಗೇ ಇರಬೇಕು. ಬೇಳೆ ಬೆಂದದ್ದನ್ನು ವಾಸನೆಯಲ್ಲೇ ತಿಳಿಯುವ ನಾನು ಈ ವಿದ್ಯೆಯ ಬಗ್ಗೆ ಸ್ವಲ್ಪ ಜಂಬವನ್ನೂ ಪಟ್ಟುಕೊಂಡವಳೇ. ಆ ಜಂಬಕ್ಕೆ ಪೆಟ್ಟು ಬಿದ್ದದ್ದು ಅಡುಗೆಮನೆಯಲ್ಲಲ್ಲ, ಆಕಾಶದಲ್ಲಿ. ಅದೂ ನಾನು ಹಾರದೆಯೇ!

ನಮ್ಮ ಪುಟ್ಟಿ ಪೈಲಟ್ ಆಗುತ್ತೇನೆಂದು ಹಟ ಹಿಡಿದಾಗ ನಮ್ಮ ತಿಪಟೂರಿನಲ್ಲಿ ಆಡಿಕೊಳ್ಳದವರೇ ಕಡಿಮೆ. "ಹುಡುಗಿಗೆ ಯಾಕ್ರೀ ಇದೆಲ್ಲ? ಆ ದುಡ್ಡಲ್ಲಿ ಎರಡು ಮದುವೆ ಮಾಡಬಹುದಿತ್ತು" ಎಂದವರೂ ಉಂಟು. ಅಂಥವರಿಗೆ ನಾನೂ ಉತ್ತರ ಸಿದ್ಧ ಮಾಡಿಟ್ಟುಕೊಂಡಿದ್ದೆ. ಸರಳಾ ಥುಕ್ರಾಲ್ 1936ರಲ್ಲೇ ಲಾಹೋರಿನಲ್ಲಿ ಸೀರೆಯುಟ್ಟುಕೊಂಡು ಒಬ್ಬರೇ ವಿಮಾನ ಹಾರಿಸಿದ್ದರು. ನಮ್ಮ ಜಕ್ಕೂರಿನಲ್ಲಿ ಸರ್ಕಾರಿ ವಿಮಾನ ತರಬೇತಿ ಶಾಲೆ ಶುರುವಾದ ಹೊಸತರಲ್ಲಿ, 1949ರ ಸುಮಾರಿಗೆ, ಉಷಾ ಸುಂದರಂ ಎಂಬ ಹೆಣ್ಣುಮಗಳು ಕಲಿತು ಪಾಸಾಗಿದ್ದರು. "ನಮ್ಮವಳೇನು ಮೊದಲನೆಯವಳಲ್ಲ ಕಣ್ರೀ" ಎಂದು ಹೇಳಿ ಕಾಫಿ ಕೊಟ್ಟು ಕಳಿಸುತ್ತಿದ್ದೆ. ಒಳಗೊಳಗೆ ಮಾತ್ರ ಪುಕಪುಕ ಎನ್ನುತ್ತಿತ್ತು. ಮಾವನವರು ಮಾಡಿಟ್ಟಿದ್ದ ಸೈಟು ಮಾರಿದ್ದೆವು, ಸಾಲದ್ದಕ್ಕೆ ಬ್ಯಾಂಕಿನ ಸಾಲ. ಕೊಬ್ಬರಿ ವ್ಯಾಪಾರದವರ ಮನೆಯಲ್ಲಿ ಇಂಥ ಸಾಲ ಅಂದರೆ ಏನೆಂದು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಮಧ್ಯಪ್ರದೇಶದ ಒಂದು ತರಬೇತಿ ಶಾಲೆಗೆ ಸೇರಿದಳು. ಹಿಂದಿ ಕಲಿತಳು, ರೊಟ್ಟಿಗೆ ಒಗ್ಗಿದಳು, ಒಬ್ಬಳೇ ಹಾರಿ ಬಂದಳು. ಅಲ್ಲಿಯವರೆಗೆ ಎಲ್ಲ ಸರಿಯಾಗಿಯೇ ಇತ್ತು. ಆಮೇಲೆ ಬಂತು ನೋಡಿ, ಇನ್‌ಸ್ಟ್ರುಮೆಂಟ್ ತರಬೇತಿ.

ಅಂದರೆ ಏನು ಅಂತೀರಾ? ವಿಮಾನ ನೆಟ್ಟಗಿದೆಯೋ ವಾಲಿದೆಯೋ ಎಂಬುದನ್ನು ಅಲ್ಲಿಯತನಕ ಅವಳು ಕಿಟಕಿಯಾಚೆ ನೋಡಿ ತಿಳಿಯುತ್ತಿದ್ದಳು. ಆಕಾಶ ಭೂಮಿ ಕೂಡುವ ಗೆರೆ ಕಾಣುತ್ತದಲ್ಲ, ಅದೇ ಅವಳ ಗುರುತು. ಮೋಡದೊಳಗೆ ಹೊಕ್ಕರೆ ಆ ಗೆರೆ ಎಲ್ಲಿ ಬಂತು? ಎದುರಿಗಿರುವ ಮಾಪಕಗಳನ್ನೇ ನಂಬಿ ಹಾರಬೇಕು. ಗಡಿಯಾರದ ಮುಖದಂಥ ಆರು ಮಾಪಕ: ವೇಗಕ್ಕೊಂದು, ಎತ್ತರಕ್ಕೊಂದು, ದಿಕ್ಕಿಗೊಂದು, ತಿರುವಿಗೊಂದು, ಏರಿಳಿಯುವುದಕ್ಕೊಂದು. ನಡುವೆ ಮೇಲ್ಗಡೆ ಇರುವುದು ಕೃತಕ ದಿಗಂತ. ಅರ್ಧ ನೀಲಿ, ಅರ್ಧ ಕಂದು. ಇದನ್ನು ಕಲಿಸಲು ದಿನವೂ ಮೋಡ ಸಿಗಬೇಕಲ್ಲ! ಅದಕ್ಕೇ ಒಂದು ಟೋಪಿ ಹಾಕಿಬಿಡುತ್ತಾರೆ. ಜಟಕಾ ಕುದುರೆಯ ಕಣ್ಣುಪಟ್ಟಿ ನೋಡಿದ್ದೀರಲ್ಲ, ಹಾಗೆಯೇ. ಮಾಪಕಗಳು ಮಾತ್ರ ಕಾಣುತ್ತವೆ, ಹೊರಗಿನದೇನೂ ಕಾಣದು. ಪಕ್ಕದಲ್ಲಿ ಕೂತ ಇನ್‌ಸ್ಟ್ರಕ್ಟರ್ ಹೊರಗೆ ಕಣ್ಣಿಟ್ಟಿರುತ್ತಾರೆ. "ಅಪ್ಪನ ದುಡ್ಡು ತಗೊಂಡು ನಂಗೆ ಟೋಪಿ ಹಾಕ್ತಾರಮ್ಮ" ಎಂದು ಪುಟ್ಟಿ ಫೋನಿನಲ್ಲಿ ನಗುತ್ತಿದ್ದಳು.

ಇದು ಇವತ್ತಿನ ಪಾಠವೇನಲ್ಲ. 1929ರ ಸೆಪ್ಟೆಂಬರ್ 24ರಂದು ಅಮೆರಿಕದಲ್ಲಿ ಜಿಮ್ಮಿ ಡೂಲಿಟಲ್ ಎಂಬವರು ತಮ್ಮ ಕೂರುವ ಜಾಗವನ್ನೇ ಪೂರ್ತಿ ಮುಚ್ಚಿಸಿಕೊಂಡು, ಮಾಪಕಗಳ ಆಧಾರದ ಮೇಲೆಯೇ ವಿಮಾನ ಏರಿಸಿ, ಹಾರಿಸಿ, ಇಳಿಸಿ ತೋರಿಸಿದ್ದರು.

ಈ ಪಾಠ ಹತ್ತಿದ ಕೆಲವು ವಾರಕ್ಕೆ ಪ್ರೋಗ್ರೆಸ್ ಚೆಕ್ ಎಂಬ ಪರೀಕ್ಷೆ. ಇದಕ್ಕೆ ತನ್ನ ಗುರುಗಳೇ ಬರುವುದಿಲ್ಲ, ಬೇರೊಬ್ಬರು ಪಕ್ಕದಲ್ಲಿ ಕೂತು ಹುಡುಗಿ ಮುಂದಿನ ಪಾಠಕ್ಕೆ ತಯಾರಾಗಿದ್ದಾಳೋ ಇಲ್ಲವೋ ನೋಡುತ್ತಾರೆ. ಹಿಂದಿನ ರಾತ್ರಿ ಪುಟ್ಟಿಯ ದನಿ ನಡುಗುತ್ತಿತ್ತು. ತಾಯಿ ಏನು ಹೇಳಿಯಾಳು? "ಹೆದರಬೇಡ ಮಗಾ. ಮನಸ್ಸಿಗೆ ಹೇಗೆ ತೋಚತ್ತೋ ಹಾಗೆ ಮಾಡು, ಎಲ್ಲಾ ಸರಿಹೋಗತ್ತೆ" ಎಂದೆ. ನೀವಾಗಿದ್ದರೂ ಇದನ್ನೇ ಹೇಳುತ್ತಿದ್ದಿರಿ.

ಮರುದಿನ ಸಂಜೆ ಫೋನ್ ಬಂತು. ಬರೀ ಅಳು.

ಅತ್ತು ಮುಗಿದ ಮೇಲೆ ತಿಳಿದದ್ದು ಇಷ್ಟು. ವಿಮಾನ ಸಾವಕಾಶ ತಿರುಗುತ್ತಿದ್ದಾಗ ಆ ಪರೀಕ್ಷಕರು ಆರರಲ್ಲಿ ಎರಡು ಮಾಪಕಗಳ ಮೇಲೆ ರಬ್ಬರಿನ ಬಿಲ್ಲೆ ಅಂಟಿಸಿಬಿಟ್ಟರಂತೆ. ಕೃತಕ ದಿಗಂತವೂ ಇಲ್ಲ, ದಿಕ್ಕಿನದೂ ಇಲ್ಲ. ಇವು ಕೆಟ್ಟುಹೋದವೆಂದು ತಿಳಿದು ಉಳಿದವನ್ನು ನೋಡಿ ನೆಟ್ಟಗೆ ಮಾಡು ಎಂದರು. ಪುಟ್ಟಿ ನೆಟ್ಟಗೆ ಮಾಡಿದಳು. ಆದರೆ ವಿಮಾನ ಎಡಕ್ಕೆ ವಾಲಿದೆ ಎಂದು ಮೈ ಸಾರಿ ಸಾರಿ ಹೇಳಿತು. ತಿರುವಿನ ಮಾಪಕ ಇಲ್ಲ ಎನ್ನುತ್ತಿತ್ತು. ಇವಳು ಮೈಯನ್ನೇ ನಂಬಿ ಬಲಕ್ಕೆ ಒತ್ತಿದಳು. ವಿಮಾನ ಬಲಕ್ಕೆ ವಾಲಿತು, ನಾನೂರು ಅಡಿ ಇಳಿಯಿತು. "ಐ ಹ್ಯಾವ್ ಕಂಟ್ರೋಲ್" ಎಂದು ಪರೀಕ್ಷಕರು ತಾವೇ ಹಿಡಿದುಕೊಂಡರು. ಆ ಮಾತು ಬಂದರೆ ಪರೀಕ್ಷೆ ಅಲ್ಲಿಗೆ ಮುಗಿದಂತೆಯೇ.

"ನೀನು ಹೇಳಿದ ಹಾಗೇ ಮಾಡಿದೆ ಕಣಮ್ಮ, ಮನಸ್ಸು ಹೇಳಿದ್ದನ್ನ ಕೇಳಿದೆ" ಎಂದಳು. ಸಿಟ್ಟಿನಿಂದ ಹೇಳಿದ್ದಲ್ಲ. ನನಗೆ ಮಾತ್ರ ಚುಚ್ಚಿತು.

ಇದರ ಗುಟ್ಟು ಕಿವಿಯೊಳಗಿದೆಯಂತೆ. ಅಲ್ಲಿ ಬಳೆಚೂರಿನಂತೆ ಬಾಗಿದ ಮೂರು ಸಣ್ಣ ನಾಳಗಳಿವೆ, ಅವುಗಳಲ್ಲಿ ನೀರಿನಂಥ ದ್ರವ. ನಾವು ತಿರುಗಲು ಹತ್ತಿದಾಗ ದ್ರವ ಹಿಂದುಳಿಯುತ್ತದೆ, ಅದರಿಂದ ತಿರುಗುತ್ತಿದ್ದೇವೆಂದು ಗೊತ್ತಾಗುತ್ತದೆ. ಒಂದೇ ಸಮನೆ ತಿರುಗುತ್ತಿದ್ದರೆ ದ್ರವವೂ ಜೊತೆಗೇ ಸಾಗಿ, ನೆಟ್ಟಗಿದ್ದೇವೆಂದೇ ಅನ್ನಿಸುತ್ತದೆ. ನಿಂತಾಗ ದ್ರವ ಮುಂದೆ ಓಡಿ, ವಿರುದ್ಧ ದಿಕ್ಕಿಗೆ ತಿರುಗುತ್ತಿದ್ದೇವೆಂಬ ಭ್ರಮೆ. ಚಿಕ್ಕವರಿದ್ದಾಗ ಅಂಗಳದಲ್ಲಿ ಗಿರಗಿರ ಸುತ್ತಿ ನಿಂತರೆ ಮನೆಯೇ ಸುತ್ತುತ್ತಿರಲಿಲ್ಲವೇ? ನೆಲದ ಮೇಲಾದರೆ ಕಣ್ಣು ಬಂದು ಕಿವಿಯನ್ನು ತಿದ್ದುತ್ತದೆ. ಮೋಡದಲ್ಲಿ ತಿದ್ದುವವರಾರು? 1954ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾನಿಲಯದಲ್ಲಿ, ಈ ತರಬೇತಿ ಇಲ್ಲದ 20 ಮಂದಿ ಪೈಲಟ್‌ಗಳನ್ನು ಹೊರಗೆ ಕಾಣದಂತೆ ಮಾಡಿ ಪರೀಕ್ಷಿಸಿದರು. ಒಬ್ಬರಿಗೂ ವಿಮಾನ ಹತೋಟಿಯಲ್ಲಿ ಉಳಿಯಲಿಲ್ಲ. ಕೈತಪ್ಪಲು ಹಿಡಿದ ಹೊತ್ತು ಸರಾಸರಿ 178 ಸೆಕೆಂಡು. ಹೆಚ್ಚೆಂದರೆ ಎರಡು ದೋಸೆ ಹುಯ್ಯುವಷ್ಟು ಹೊತ್ತು, ಅಷ್ಟೇ!

ಮತ್ತೆ ಐದು ಗಂಟೆ ಹಾರಿ, ಮತ್ತೆ ಚೆಕ್ಕಿಗೆ ಕೂರಬೇಕು ಎಂದರಂತೆ. ಗಂಟೆಗೆ ಹತ್ತು ಸಾವಿರಕ್ಕೂ ಮೇಲೆ. ಆಗಲೂ ಆಗದಿದ್ದರೆ ಮುಂದುವರಿಸಬೇಕೋ ಬೇಡವೋ ಎಂದು ಯೋಚಿಸುತ್ತಾರಂತೆ. "ಬಿಟ್ಟು ಬಂದುಬಿಡ್ತೀನಮ್ಮ, ಅಪ್ಪಂಗೆ ಹೇಳಬೇಡ" ಎಂದಳು. ನಾನು ಹೇಳಲಿಲ್ಲ. ಮೂವತ್ತು ವರ್ಷದ ಸಂಸಾರದಲ್ಲಿ ಸೀರೆಯ ಬೆಲೆ ಬಿಟ್ಟರೆ ನಮ್ಮವರಿಂದ ಏನನ್ನೂ ಮುಚ್ಚಿಟ್ಟವಳಲ್ಲ ನಾನು. "ಪುಟ್ಟಿಗೆ ಮೈ ಹುಷಾರಿಲ್ಲ, ಹೋಗಿ ಬರ್ತೀನಿ" ಎಂದೆ. ಅವರು ನನ್ನ ಮುಖವನ್ನೊಮ್ಮೆ ನೋಡಿ, ಟಿಕೆಟ್ ತಂದುಕೊಟ್ಟರು.

ಅವಳ ಬಾಡಿಗೆ ಕೋಣೆಯ ಗೋಡೆಯಲ್ಲಿ ವಿಮಾನದ ಮಾಪಕಗಳ ದೊಡ್ಡ ಚಿತ್ರ. ಎದುರಿಗೊಂದು ಕುರ್ಚಿ. ಅದರಲ್ಲಿ ಕೂತು, ಕೈಯಲ್ಲಿ ಇಲ್ಲದ ಹಿಡಿಕೆ ಹಿಡಿದು, ಬಾಯಲ್ಲಿ ಗೊಣಗುತ್ತ ಗಂಟೆಗಟ್ಟಲೆ ಹಾರಿಸುವುದು. ಮೊದಲು ನೋಡಿದಾಗ ನನಗೆ ದಿಗಿಲೇ ಆಯಿತು. ಎರಡು ದಿನದಲ್ಲಿ ನಾನೂ ಸೇರಿಕೊಂಡೆ. ಉಪ್ಪಿನಕಾಯಿ ಬಾಟಲಿಯ ಎರಡು ಮುಚ್ಚಳ ಹಿಡಿದು ಪಕ್ಕದಲ್ಲಿ ನಿಲ್ಲುವುದು, ತೋಚಿದಾಗ ಯಾವುದಾದರೂ ಎರಡು ಮಾಪಕ ಮುಚ್ಚುವುದು, ಉಳಿದ ನಾಲ್ಕರಲ್ಲಿ ಏನು ನೋಡುತ್ತಾಳೆಂದು ಅವಳು ಹೇಳುವುದು. ಯಾವುದನ್ನೂ ದಿಟ್ಟಿಸುತ್ತ ಕೂರಬಾರದು, ಕಣ್ಣು ಸುತ್ತುತ್ತಲೇ ಇರಬೇಕು. ಒಂದು ಒಲೆಯಲ್ಲಿ ಹಾಲು, ಇನ್ನೊಂದರಲ್ಲಿ ಪಲ್ಯ, ಮತ್ತೊಂದರಲ್ಲಿ ಅನ್ನ ಇಟ್ಟವರಿಗೆ ಇದು ಹೊಸದೇ?

ಸಂಜೆ ತಾರಸಿಯ ಮೇಲೆ ಬಟ್ಟೆಯ ಬುಟ್ಟಿ ಇಟ್ಟು ಅದರ ಸುತ್ತ ನಡೆಯುತ್ತಿದ್ದಳು. ಇಳಿಯಲು ಸರದಿ ಬರುವವರೆಗೆ ವಿಮಾನ ಹೀಗೆ ಉದ್ದನೆಯ ಸುತ್ತು ಹಾಕುತ್ತಿರಬೇಕಂತೆ. ಒಂದು ನಿಮಿಷ ನೇರ, ಒಂದು ನಿಮಿಷ ತಿರುವು. ಸೆಕೆಂಡಿಗೆ ಮೂರು ಡಿಗ್ರಿಯಂತೆ ತಿರುಗಿದರೆ ನಿಮಿಷಕ್ಕೆ ಸರಿಯಾಗಿ ಅರ್ಧ ಸುತ್ತು. ದಿಕ್ಕಿನ ಮಾಪಕ ಕೆಟ್ಟರೂ ಗಡಿಯಾರ ಹಿಡಿದು ಲೆಕ್ಕ ಹಾಕಬಹುದು. ಗಡಿಯಾರ ನನ್ನ ಕೈಯಲ್ಲಿ. ಒಮ್ಮೆ ಅಂದಾಜಿನ ಮೇಲೆ "ಆಯ್ತು" ಎಂದೆ. ನೋಡಿದರೆ ಇನ್ನೂ ನಲವತ್ತೆಂಟು ಸೆಕೆಂಡು! ಪುಟ್ಟಿ ನಕ್ಕಳು. ಎಷ್ಟೋ ದಿನಕ್ಕೆ ನಕ್ಕದ್ದು.

ಎರಡನೆಯ ಚೆಕ್ಕಿನ ಹಿಂದಿನ ರಾತ್ರಿ ನಾನೇನೂ ಹೇಳಲಿಲ್ಲ. ಮೊಸರನ್ನ ಕಲೆಸಿಕೊಟ್ಟು ಮಲಗಿಸಿದೆ. ಬೆಳಿಗ್ಗೆ ಮಬ್ಬು ಕರಗಿದ ಮೇಲೆ ಹೊರಟಳು. ನಾನು ಬೇಲಿಯಾಚೆ ಬೇವಿನ ಮರದ ಕೆಳಗೆ ಕೂತೆ. ಬಿಳಿಯ ಪುಟ್ಟ ವಿಮಾನ ಏರಿ, ಚುಕ್ಕಿಯಾಗಿ, ಮರೆಯಾಯಿತು. ಟೋಪಿ ಹಾಕಿಕೊಂಡಿರುತ್ತಾಳೆ, ಅವಳಿಗೆ ನಾನೂ ಕಾಣುವುದಿಲ್ಲ ಎಂದುಕೊಂಡಾಗ ಗಂಟಲು ಕಟ್ಟಿತು. ಒಂದು ಗಂಟೆ ಇಪ್ಪತ್ತು ನಿಮಿಷ. ಗಡಿಯಾರ ನೋಡಿಯೇ ಹೇಳುತ್ತಿದ್ದೇನೆ, ಅಂದಾಜಲ್ಲ.

ಬಂದಳು. ಬೆವರಿನಿಂದ ಜಡೆ ಕತ್ತಿಗಂಟಿತ್ತು. "ಆಯ್ತಮ್ಮ. ಸುತ್ತು ಹಾಕುವಾಗ ಗಾಳಿಯ ಲೆಕ್ಕ ಇನ್ನೂ ಸರಿಯಾಗಬೇಕು ಅಂದ್ರು. ಮುಂದಿನ ಪಾಠಕ್ಕೆ ಹೋಗು ಅಂದ್ರು" ಎಂದಳು.

"ಮತ್ತೆ ಆ ಎರಡು ಮುಚ್ಚಿದಾಗ?"

"ಈ ಸಲವೂ ಎಡಕ್ಕೆ ವಾಲಿದೆ ಅಂತಲೇ ಅನ್ನಿಸ್ತು. ಕೊನೇತನಕ ಅನ್ನಿಸ್ತಾನೇ ಇತ್ತು. ಅನ್ನಿಸಲಿ ಅಂತ ಬಿಟ್ಟೆ."

ಅನ್ನಿಸದೇ ಇರುವುದು ಕಲಿಯುವ ವಿದ್ಯೆ ಎಂದುಕೊಂಡಿದ್ದೆ ನಾನು.

ಊರಿಗೆ ಬಂದ ರಾತ್ರಿ ನಮ್ಮವರಿಗೆ ಎಲ್ಲವನ್ನೂ ಹೇಳಿದೆ, ಮುಚ್ಚಿಟ್ಟದ್ದಕ್ಕೆ ತಪ್ಪಾಯಿತೆಂದೂ ಹೇಳಿದೆ. ಅವರು ತಾಂಬೂಲ ಮಡಿಸುತ್ತ, "ಐದು ಗಂಟೆಯ ದುಡ್ಡು ಹೆಚ್ಚಿಗೆ ಹೋದ ಮೆಸೇಜು ಬ್ಯಾಂಕಿನಿಂದ ನನ್ನ ಫೋನಿಗೇ ತಾನೆ ಬರೋದು? ನೀನು ರೈಲು ಹತ್ತೋ ಮುಂಚೇನೇ ಗೊತ್ತಿತ್ತು" ಎಂದರು. "ಮತ್ತೆ ಕೇಳಲಿಲ್ಲ ಯಾಕೆ?" ಎಂದರೆ, "ಇಬ್ಬರೂ ಹೆದರಿದ್ರಿ, ಮೂರನೆಯವನೂ ಯಾಕೆ ಅಂತ" ಎಂದು ಎಲೆ ಬಾಯಿಗಿಟ್ಟರು.

ಮುಖ್ಯ ಪರೀಕ್ಷೆ ಇನ್ನೂ ಬಾಕಿಯಿದೆ. ಅಲ್ಲಿಯ ರೊಟ್ಟಿಗೆ ನೆಂಚಿಕೊಳ್ಳಲು ಅಗಸೆ ಚಟ್ನಿಪುಡಿ ಬೇಕೆಂದಿದ್ದಾಳೆ, ನಾಳೆ ಹುರಿಯಬೇಕು.