ಅಬ್ರಹಾಮನಿಗೆ ಬಂದ ಕರೆಯನ್ನು ಇನ್ನೊಬ್ಬರ ತಲೆಗೆ ಕಟ್ಟಿದೆ
ಹೆಬ್ಬೆ ಜಲಪಾತದ ಸುತ್ತಲಿನ ಕಾಡು ಭದ್ರಾ ಅಭಯಾರಣ್ಯದ್ದು. 1998ರಲ್ಲಿ ಅಭಯಾರಣ್ಯ ಹುಲಿ ಯೋಜನೆಗೆ ಸೇರಿತು. ಮುಂದಿನ ಕೆಲವೇ ವರ್ಷಗಳಲ್ಲಿ ಕಾಡೊಳಗಿನ ಹಳ್ಳಿಗಳಿಂದ 400ಕ್ಕೂ ಹೆಚ್ಚು ಕುಟುಂಬಗಳು ಹೊರಬಂದವು. ಬಹುಪಾಲು ಜನ ತರೀಕೆರೆ ತಾಲ್ಲೂಕಿನ ಎಂ.ಸಿ. ಹಳ್ಳಿಯಲ್ಲಿ ನೆಲೆಯಾದರು.

ಆಗ ನಾನು ಪ್ರಾರ್ಥನಾ ಕೂಟದಲ್ಲಿ ಸತ್ಯವೇದ ಪಾಠ ಮಾಡುತ್ತಿದ್ದೆ. ಕಾಡೊಳಗೆ ಕೂಲಿ ಮಾಡಿಕೊಂಡಿದ್ದ ಹಿರಿಯರೊಬ್ಬರು ಕೇಳಿದರು: “ಮೇಷ್ಟ್ರೇ, ನನ್ನ ಹೆಸರಲ್ಲಿ ಪಹಣಿ ಇಲ್ಲ. ಹೊರಟರೆ ನಮಗೇನು ಸಿಗುತ್ತೆ? ದೇವರ ವಾಕ್ಯ ಏನು ಹೇಳುತ್ತೆ?” ನಾನು ಆದಿಕಾಂಡದ 12ನೇ ಅಧ್ಯಾಯ ತೆರೆದು, ಅಬ್ರಹಾಮನ ಹಾಗೆ ನಂಬಿ ಹೊರಡಿ ಎಂದೆ. ಅವರು ಮತ್ತೆ ಕೂಟಕ್ಕೆ ಬರಲಿಲ್ಲ.

ನನ್ನ ತಪ್ಪು ತಿಳಿಯಲು ವರ್ಷಗಳೇ ಹಿಡಿದವು. ಊರು ಬಿಡು ಎಂದು ದೇವರು ಹೇಳಿದ್ದು ಅಬ್ರಹಾಮನಿಗೇ, ಜೊತೆಗೆ ವಾಗ್ದಾನವನ್ನೂ ಕೊಟ್ಟ. ಯಾವ ವಾಗ್ದಾನವನ್ನೂ ಕೊಡಲಾಗದ ನಾನು ಆ ಕರೆಯನ್ನು ಬೇರೊಬ್ಬರ ಮೇಲೆ ಹೊರಿಸಿದ್ದೆ.

ಹಾಗಾದರೆ ನಾಬೋತನ ಕಥೆ ಹೇಳಬೇಕಿತ್ತೇ? 1 ಅರಸುಗಳು 21ರಲ್ಲಿ ಅವನು ಪಿತ್ರಾರ್ಜಿತ ದ್ರಾಕ್ಷಿತೋಟವನ್ನು ರಾಜ ಅಹಾಬನಿಗೂ ಬಿಟ್ಟುಕೊಡಲಿಲ್ಲ. ಅದೂ ಇಲ್ಲಿಗೆ ಸಲೀಸಾಗಿ ಹೊಂದುವುದಿಲ್ಲ. ಅಹಾಬನಿಗೆ ಬೇಕಿದ್ದುದು ಕಾಯಿಪಲ್ಯದ ತೋಟ. ಇಲ್ಲಿ ಉಳಿಯಬೇಕಿದ್ದುದು ಹುಲಿ, ಕಾಡು, ಭದ್ರೆಯ ನೀರು. ಶಾಲೆ, ಆಸ್ಪತ್ರೆ, ರಸ್ತೆ ಬೇಕೆಂದು ಹೊರಬರಲು ಬಯಸಿದವರೂ ಆ ಹಳ್ಳಿಗಳಲ್ಲಿದ್ದರು. ಭೂಮಿ ದೇವರದು, ನೀವು ಅದರಲ್ಲಿ ಪ್ರವಾಸಿಗಳು ಎಂಬ ಯಾಜಕಕಾಂಡ 25ರ ಮಾತು ಹಳ್ಳಿಗನಿಗೆ ಹೇಗೋ ಸರ್ಕಾರಕ್ಕೂ ಹಾಗೆಯೇ ಅನ್ವಯಿಸುತ್ತದೆ.

ಅಂದಿನ ಪ್ರಶ್ನೆಗೆ ಹತ್ತಿರದ ಮಾತು ಧರ್ಮೋಪದೇಶಕಾಂಡ 24ರಲ್ಲಿತ್ತು. ಸುಗ್ಗಿಯಲ್ಲಿ ಹೊಲದಲ್ಲಿ ಮರೆತ ಸಿವುಡನ್ನು ಪರದೇಶಿಗೆ, ಅನಾಥನಿಗೆ, ವಿಧವೆಗೆ ಬಿಡಬೇಕು ಎನ್ನುತ್ತದೆ ಅಲ್ಲಿಯ ಕಟ್ಟಳೆ. ಆ ಕಾಲದ ಬೇಸಾಯ ಇಂದಿಲ್ಲ. ಆದರೆ ನೆಲವಿಲ್ಲದವನ ಪಾಲನ್ನು ನೆಲವಿದ್ದವನ ಕರುಣೆಗೆ ಬಿಡದೆ ಹಕ್ಕಾಗಿಸಿದ ಅದರ ಉದ್ದೇಶ ಇಂದಿಗೂ ಜೀವಂತ. ಅದನ್ನು ಪಾಲಿಸುವುದಾದರೆ ನಾನು ಆ ಹಿರಿಯರ ಜೊತೆ ತಾಲ್ಲೂಕು ಕಚೇರಿಗೆ ಹೋಗಿ, ಫಲಾನುಭವಿಗಳ ಪಟ್ಟಿ ನೋಡಿ, ಅರ್ಜಿ ಬರೆದುಕೊಡಬೇಕಿತ್ತು.

ಇಂದಿನ ಸಮಸ್ಯೆಗೆ ವಾಕ್ಯ ಹುಡುಕುವ ವಿಶ್ವಾಸಿಗಳಿಗೆ ನನ್ನ ಬಿನ್ನಹ ಇಷ್ಟೇ. ಆ ಮಾತನ್ನು ಯಾರು, ಯಾರಿಗೆ, ಯಾವ ಸಂದರ್ಭದಲ್ಲಿ ಹೇಳಿದ್ದು ಎಂದು ನೋಡಿ. ನಮ್ಮ ಸ್ಥಿತಿ ಅದಕ್ಕೆ ಎಲ್ಲಿ ಹೋಲುತ್ತದೆ, ಎಲ್ಲಿ ಹೋಲುವುದಿಲ್ಲ ಎಂದು ವಿಚಾರಿಸಿ. ಕೊನೆಗೆ, ಅದನ್ನು ಪಾಲಿಸುವ ಭಾರ ಯಾರ ಮೇಲೆ ಬೀಳುತ್ತದೆ ಎಂದು ಕೇಳಿಕೊಳ್ಳಿ. ಕೇಳುವವನಿಂದ ಮಾತ್ರ ತ್ಯಾಗ ಬೇಡಿ, ಹೇಳುವವನಿಗೆ ಯಾವ ಕೆಲಸವನ್ನೂ ಹಚ್ಚದ ವ್ಯಾಖ್ಯಾನವನ್ನು ನಾನೀಗ ನಂಬುವುದಿಲ್ಲ.